ನೀಲಿ ಎಂಬ ಹೆಸರು

ಬೋರ್ಘಿಲ್ಡ್ ರುಸ್ಟೆನ್ ಅವರ ಅಂಗಳವೆಂದರೆ ನನಗೆ
ವಾರಕ್ಕೆ ಮೂರು ಡಾಲರು.
ಯಂತ್ರ ಅವರದು, ಪೆಟ್ರೋಲು ಅವರದು,
ಹದಿನಾಲ್ಕು ವರ್ಷದ ಬೆವರು ನನ್ನದು.
ಮಿನ್ನೆಸೋಟದ ಉತ್ತರಕ್ಕೆ, ರೈಲು ನಿಲ್ಲದ ಊರು;
ಬೇಸಿಗೆಯೆಂದರೆ ಅಲ್ಲಿ
ಹಿಮ ಕೈಗಡ ಕೊಟ್ಟ ನಾಲ್ಕು ತಿಂಗಳು.

ಮೊದಲ ದಿನ ಹೇಳಿದ್ದು ಒಂದೇ ಮಾತು:
‘ಪಿಯೊನಿಯಿಂದ ಒಂದು ಮೊಳ ದೂರವಿರು.
ಉಳಿದದ್ದೆಲ್ಲ ಹುಲ್ಲು.’

ಪಿಯೊನಿಗೆ ಚರಿತ್ರೆಯಿತ್ತು.
ಅತ್ತೆ ಅದರ ಗಡ್ಡೆಯನ್ನು ಆಲೂಗಡ್ಡೆ ಚೀಲದಲ್ಲಿ ಸುತ್ತಿ
ಮೊಮ್ಮಗುವನ್ನು ತರುವ ಹಾಗೆ ತಂದಿದ್ದರಂತೆ.
ಎರಡು ಬೆರಳಿಗಿಂತ ಆಳ ನೆಟ್ಟರೆ ಮುನಿಸು,
ಜಾಗ ಬದಲಿಸಿದರೆ ಮೂರು ವರ್ಷ ಮೌನ.
ಏಪ್ರಿಲ್‌ನಲ್ಲಿ, ಕೊನೆಯ ಹಿಮ ಇನ್ನೂ ಬೇಲಿಗೆ ಒರಗಿರುವಾಗಲೇ,
ಮಣ್ಣಿನೊಳಗಿಂದ ಕೆಂಪು ಬೆರಳುಗಳು.
ಆಮೇಲೆ ಮೊಗ್ಗು, ಮೊಗ್ಗಿನ ಮೇಲೆ ಇರುವೆ,
ಇರುವೆಯ ಮೇಲೆ ಬೋರ್ಘಿಲ್ಡ್ ಅವರ ಕನ್ನಡಕ.
ಜೂನ್‌ನಲ್ಲಿ ಹತ್ತು ದಿನ
ದಾರಿಹೋಕರೆಲ್ಲ ನಿಂತು ನೋಡಬೇಕು;
ಹನ್ನೊಂದನೆಯ ದಿನ ಒಂದು ಮಳೆ,
ತಲೆಯಷ್ಟು ದೊಡ್ಡ ಹೂಗಳೆಲ್ಲ ಕೆಸರಿಗೆ ಹಣೆ ಹಚ್ಚಿ.

ಹುಲ್ಲಿಗೆ ಏನಿತ್ತು? ಅದು ಬಂದ ದಿನ ಯಾರಿಗೂ ನೆನಪಿಲ್ಲ.
ಅದರ ಮೇಲೆ ನಾಯಿ, ಕುರ್ಚಿ, ಒಣಹಾಕಿದ ರಗ್ಗು,
ನನ್ನ ಹರಿದ ಬೂಟು.
ಹೂವು ಬಿಡದೆಯೂ ಅದು ಪರಿಮಳಿಸುತ್ತಿತ್ತು, ಕತ್ತರಿಸಿದಾಗ ಮಾತ್ರ;
ಊರು ಅದನ್ನು ಶನಿವಾರದ ವಾಸನೆ ಎನ್ನುತ್ತಿತ್ತು.
ಒಬ್ಬರನ್ನು ಹುಲ್ಲುಕಡ್ಡಿಯಂತೆ ಕಾಣುವುದು ಹೇಗೆಂದು
ಕಲಿಯಲು ಒಳ್ಳೆಯ ಕಸುಬು ಅದು.

ಆ ವರ್ಷ ಮೇ ಕೊನೆಗೆ ಲುಂಡೀನ್‌ರ ಕೊಟ್ಟಿಗೆಯ ಅಟ್ಟದಿಂದ ಬಿದ್ದೆ.
ಬಲ ಮಣಿಕಟ್ಟು ಮುರಿಯಿತು.
ಮೂರು ಶನಿವಾರ ಯಂತ್ರ ಶೆಡ್ಡಿನಲ್ಲಿ ಮಲಗಿತು.
ನಾಲ್ಕನೆಯದರ ಸಂಜೆ ಅವರು ಬೇಲಿಯಾಚೆಯಿಂದ ಕರೆದರು:
‘ಡೆಲ್ಮರ್, ಬಾ ಇಲ್ಲಿ. ಕೂತು ನೋಡು. ನಿಂತರೆ ಕಾಣದು.’

ಮಗುಚಿದ ಬಕೆಟ್ಟಿನ ಮೇಲೆ ಅವರು, ನೆಲದ ಮೇಲೆ ನಾನು.
‘ಈ ಹುಲ್ಲಿನ ಹೆಸರೇನು?’
‘ಬ್ಲೂಗ್ರಾಸ್.’
‘ನಲವತ್ತು ವರ್ಷ ಅಂದುಕೊಂಡಿದ್ದೆ,
ಹೆಸರಿಟ್ಟವನಿಗೆ ಬಣ್ಣದ ಕುರುಡು ಅಂತ.’

ಸೂರ್ಯ ಅಡ್ಡ ಬಿದ್ದಿದ್ದ.
ತೆನೆ ಬಿಟ್ಟಿತ್ತು ಹುಲ್ಲು;
ಅಂಗಳದ ಮೇಲೆ ಒಂದು ಮೊಳ ಎತ್ತರಕ್ಕೆ
ನೀಲಿ, ಇಲ್ಲ, ನೀಲಿಯ ಹೊಗೆ,
ಗಾಳಿ ತಿರುಗಿದರೆ ನೇರಿಳೆ, ಮತ್ತೆ ನೀಲಿ.
ಅಕ್ಕಿನುಚ್ಚಿಗಿಂತ ಸಣ್ಣ ಹೂವು,
ಅದರಿಂದ ನೇತುಬಿದ್ದ ಕೂದಲೆಳೆಯಂಥ ಕೇಸರ.
ಇರುವೆಯಿಲ್ಲ, ದುಂಬಿಯಿಲ್ಲ.
ಗಾಳಿಯೊಂದೇ ನೆಂಟ.

ಪ್ರತಿ ವಾರ ಇದರ ಬಾಯಿಗೆ ಬಂದ ಮಾತನ್ನು
ಹಲ್ಲಿನ ಸಮೇತ ಕತ್ತರಿಸಿದವನು ನಾನು.
ಬಾಯಿ ಬಿಟ್ಟು ಹೇಳಲಿಲ್ಲ. ಅವರೂ ಹೇಳಲಿಲ್ಲ.
ಪಕ್ಕದಲ್ಲಿ ಪಿಯೊನಿ ಭಾರಕ್ಕೆ ಬಾಗಿ
ಮೊದಲ ಬಾರಿಗೆ, ಯಾರೂ ನೋಡದೆ, ಅರಳಿತ್ತು.

ಮಂಗಳವಾರ ಊರಿನ ಕಚೇರಿಯಿಂದ ಓರಿನ್ ಸ್ಟಾವಿಗ್ ಬಂದ,
ಕೈಯಲ್ಲಿ ಅಳತೆಪಟ್ಟಿ.
ಹುಲ್ಲು ಎಂಟು ಇಂಚು ಮೀರಕೂಡದು; ಇಲ್ಲಿ ಹತ್ತೊಂಬತ್ತು.
ಮಂಡಿಯೂರಿ ಅಳೆದು ಎದ್ದಾಗ
ಕರಿ ಪ್ಯಾಂಟಿನ ಮಂಡಿಗೆ ಪರಾಗದ ಹಳದಿ.
ಮೂರು ಸಲ ಸೀನಿದ, ನೋಟೀಸು ಬರೆದ, ಮತ್ತೆ ಸೀನಿದ.
ಬೋರ್ಘಿಲ್ಡ್ ಕರವಸ್ತ್ರ ಕೊಟ್ಟು ಕೇಳಿದರು:
‘ಹೂವಿನ ಪಾತಿಗೂ ಈ ಪಟ್ಟಿ ಹಿಡಿಯುತ್ತೀಯಾ?’
‘ಪಾತಿಗೆ ಕಾನೂನಿಲ್ಲ ಅಮ್ಮ.’

ಶನಿವಾರ ಎಡಗೈಯಲ್ಲೇ ಯಂತ್ರ ತಳ್ಳಿದೆ.
ಅದಕ್ಕೆ ಮೊದಲು ಅದೇ ಕೈಯಲ್ಲಿ, ಅವರು ತೋರಿಸಿದಂತೆ,
ಪಿಯೊನಿ ಪಾತಿಯ ಇಟ್ಟಿಗೆಗಳನ್ನು ಒಂದೊಂದಾಗಿ ಕಿತ್ತು
ಹೊರಕ್ಕೆ ಸರಿಸಿ ನೆಟ್ಟೆ; ಒಂದು ಹಾಸಿಗೆಯಗಲ ಹುಲ್ಲು
ಇಟ್ಟಿಗೆಯೊಳಗೆ ಬಂತು,
ಹೂವಿನ ಗಿಡವಾಯಿತು.

ಆ ವಾರ ಕೊಟ್ಟದ್ದು ಎರಡೂವರೆ ಡಾಲರು.
‘ಹುಲ್ಲು ಅಷ್ಟು ಕಡಿಮೆಯಾಯಿತಲ್ಲ,’ ಎಂದರು.