ರೋಡಿಗಿಳಿಸು

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ಗೌಸ್ ಮೊಹಿದ್ದೀನರ ಗ್ಯಾರೇಜಿನ ಮೇಲುಗಡೆ
ನಮ್ಮದೊಂದು ಕೋಣೆ. ಎರಡು ಮೇಜು, ಕೀರಲು ದನಿಯ ಯುಪಿಎಸ್ಸು,
ಗೋಡೆಗೆಲ್ಲ ಡೀಸೆಲ್ಲಿನ ವಾಸನೆ.
ಇಲ್ಲಿ ಕೂತು ನಾವು
ಕೋಡು ಬರೆಯುವವರಿಗೆ ಸ್ಲೇಟು ಮಾಡುತ್ತೇವೆ.
ಪಾಲಿಟೆಕ್ನಿಕ್ಕಿನ ಮಕ್ಕಳು ಪೈಥಾನು ಕಲಿಯಲಿ,
ಮೆನು ಮಾತ್ರ ಕನ್ನಡದಲ್ಲೇ ಇರಲಿ ಎಂದು ಹಟ.

ಬರೆ, ಓಡಿಸು, ತಪ್ಪು ಹುಡುಕು, ಉಳಿಸು
ಇಷ್ಟಕ್ಕೇ ಹೋಯಿತು ಮೂರು ವರ್ಷ.
ಈ ಆಷಾಢಕ್ಕೆ ಇನ್ನೊಂದು ಗುಂಡಿ ಬೇಕಾಗಿತ್ತು:
ಒತ್ತಿದರೆ ಪ್ರಾಜೆಕ್ಟು ಲ್ಯಾಪ್‌ಟಾಪಿನಿಂದ ಎದ್ದು
ಸರ್ವರಿನಲ್ಲಿ ಹೋಗಿ ಕೂತು
ಊರಿಗೆಲ್ಲ ಕಾಣಬೇಕು.

ಕೆಲಸವೇನೋ ಆಯಿತು.
ಅಲ್ಲಿರುವುದು ಯಾವ ಪೈಥಾನು ಎಂದು ವಿಚಾರಿಸಿ,
ಬೇಕಾದ ಲೈಬ್ರರಿಗಳ ಪಟ್ಟಿ ಓದಿ,
ಪಾಸ್‌ವರ್ಡನ್ನು ಕೋಡಿನಿಂದ ಕಿತ್ತು ಬೇರೆಡೆ ಬಚ್ಚಿಟ್ಟು,
ಹೊಸದು ಉಸಿರಾಡುವತನಕ ಹಳೆಯದನ್ನು ಬೀಳಗೊಡದೆ...
ಗುಂಡಿಗೆ ಹೆಸರು ಮಾತ್ರ ಹೊಳೆಯಲಿಲ್ಲ.

'ನಿಯೋಜಿಸು' ಎಂದೆ.
ಎಲೆಕ್ಷನ್ ಡ್ಯೂಟಿಯ ಆರ್ಡರು ಬಂದ ಹಾಗಿದೆ ಎಂದಳು ಕುಮುದ್ವತಿ.
'ನಾಟಿ ಮಾಡು' ಎಂದಳು.
ಆಮೇಲೆ ನಾಲ್ಕು ತಿಂಗಳು ಕಾಯುವವರ್ಯಾರು ಎಂದೆ.
'ಏರಿಸು.' ಎಲ್ಲಿಗೆ?
'ಬಿಡು.' ನಮ್ಮ ಮಕ್ಕಳು ಬಿಟ್ಟೇ ಬಿಡುತ್ತಾರೆ.

ಕೆಳಗೆ ಯಾರೋ ಗಿರಾಕಿ ಜಗಳ ತೆಗೆದಿದ್ದ:
'ನಿನ್ನೆ ಇಲ್ಲಿ ಸರಿಯಾಗೇ ಓಡ್ತಿತ್ತಲ್ರೀ!'
ಗೌಸ್ ಸಾಬರು ಕೈ ಒರೆಸಿಕೊಳ್ಳುತ್ತ:
'ಜಾಕಿ ಮೇಲೆ ಚಕ್ರ ತಿರುಗಿದ್ರೆ ಅದು ಓಟಾನಾ?
ರೋಡಿಗಿಳಿಸಿ. ಆಯನೂರು ದಾಟಿಸಿ ಬನ್ನಿ.
ಆಮೇಲೆ ಹೇಳಿ ಎಲ್ಲಿ ಏನು ಶಬ್ದ ಅಂತ.'

ನಾವಿಬ್ಬರೂ ಮುಖ ನೋಡಿಕೊಂಡೆವು.
'ನನ್ನ ಮಷೀನಿನಲ್ಲಿ ಓಡುತ್ತಲ್ಲ' ಎಂದು
ಎಷ್ಟು ಸಲ ವಾದಿಸಿಲ್ಲ ನಾನು,
ಗಾಳಿಯಲ್ಲಿ ತಿರುಗುವ ಚಕ್ರ ತೋರಿಸಿ.

ಮೊದಲು ಇಳಿದದ್ದು ಅವರ ಮಗಳು ಜುಬೇದಾಳ ಪ್ರಾಜೆಕ್ಟೇ:
ಯಾವ ಅಂಗಡಿಯಲ್ಲಿ ಯಾವ ಸ್ಪೇರು, ಎಷ್ಟಕ್ಕೆ.
ಒಂದನೇ ಸಲ ಬಿತ್ತು, ಪಟ್ಟಿಯಲ್ಲಿ ಲೈಬ್ರರಿಯೊಂದು ಬಿಟ್ಟುಹೋಗಿತ್ತು.
ಎರಡಕ್ಕೆ ಪೋರ್ಟು ಮುಚ್ಚಿತ್ತು.
ಮೂರಕ್ಕೆ ಕರೆಂಟು ಹೋಯಿತು; ಅದಕ್ಕೆ ನಮ್ಮಲ್ಲಿ ಗುಂಡಿಯಿಲ್ಲ.
ನಾಲ್ಕನೆಯದಕ್ಕೆ ಹಸಿರು ಗೆರೆ, ಗೆರೆಯ ಕೆಳಗೊಂದು ವಿಳಾಸ.

ಹುಡುಗಿ ದಡದಡ ಇಳಿದು ಅಪ್ಪನ ಫೋನಿನಲ್ಲೇ ತೆರೆದಳು.
ಅವರು ಕನ್ನಡಕ ಹಣೆಗೇರಿಸಿ
ಗ್ರೀಸಿನ ಬೆರಳಲ್ಲಿ ಪುಟ ತಳ್ಳಿದರು, ಇನ್ನೂ ತಳ್ಳಿದರು,
ಇಂಜಿನ್ನಿಗೆ ಕಿವಿಗೊಡುವಾಗಿನಂತೆ ತಲೆ ಓರೆ ಮಾಡಿ
'ಕ್ಲಚ್ ಪ್ಲೇಟಿಂದು ಹೋದ ವರ್ಷದ ರೇಟು, ಬೇಟಾ' ಎಂದರು.

ಹತ್ತಿ ಬಂದಳು ಮೆಟ್ಟಿಲು,
ಮತ್ತೆ ಇಳಿಸಲಿಕ್ಕೆ.