ಸೊನ್ನೆ, ಗೀಟು

ಬೆಳಗ್ಗೆ ಏಳೂವರೆಗೆ ಹಳ್ಳಕ್ಕೆ ಇಳಿಯುತ್ತೇನೆ.
ದೇವರಾಯನದುರ್ಗದ ಬೆನ್ನಿಂದ ಬರುವ ಇದಕ್ಕೆ
ನಕ್ಷೆಯಲ್ಲಿ ಹೆಸರಿಲ್ಲ. ನಮ್ಮೂರಲ್ಲಿ ಕರಡಿಹಳ್ಳ.
ಬಂಡೆಗೆ ಕೂರಿಸಿದ ಅಳತೆಪಟ್ಟಿ, ಬುಡಕ್ಕೆ ಪಾಚಿ,
ಹೆಬ್ಬೆರಳಲ್ಲಿ ಒರೆಸಿ ಓದಬೇಕು.

ಓದಿದರೆ ಸಾಲದು. ಹೊಂಗೆಕಾಯಿ ಬಿಡಬೇಕು,
ಒಂಟಿ ಅತ್ತಿಮರದಿಂದ ಸುಣ್ಣ ಬಳಿದ ಕಲ್ಲಿಗೆ, ಹತ್ತು ಮೀಟರು.
ಫೋನಿನ ಗಡಿಯಾರ ಒತ್ತಿ ದಡದ ಮೇಲೆ ಜೊತೆಗೇ ನಡಿಗೆ.
ದೀಪಾವಳಿಗೆ ಹದಿನಾಲ್ಕು ಸೆಕೆಂಡು,
ಸಂಕ್ರಾಂತಿಗೆ ನಲವತ್ತು.
ಕಾಯಿ ಬೇರಿಗೆ ಸಿಕ್ಕಿ ಸುತ್ತುತ್ತ ನಿಂತರೆ
ಅದು ಲೆಕ್ಕಕ್ಕಿಲ್ಲ, ಇನ್ನೊಂದು ಬಿಡು.

ಹೇಳಿಕೊಟ್ಟವರು ಗೌಸ್ ಪೀರ್ ಸಾಬರು:
"ಮೇಲಿನ ನೀರಿಗೆ ಆತುರ ಕಣಮ್ಮ,
ತಳದ್ದು ಕಲ್ಲು ತಡವುತ್ತ ಬರುತ್ತೆ.
ಕಾಯಿ ಹೇಳಿದ್ದರಲ್ಲಿ
ರೂಪಾಯಿಗೆ ಎಂಬತ್ತೈದು ಪೈಸೆ ನಂಬು."
ಅಂದಿನಿಂದ ಬಾಯಿಜೋರಿನವರು ಯಾರೇ ಸಿಗಲಿ
ಹದಿನೈದು ಪೈಸೆ ಕಳೆದೇ ಕೇಳುತ್ತೇನೆ.

ಅವರ ಹನ್ನೆರಡು ವರ್ಷದ ಪುಸ್ತಕ ಈಗ ನನ್ನ ಚೀಲದಲ್ಲಿ.
ಫೆಬ್ರವರಿಯಿಂದ ಜೂನಿನವರೆಗೆ ಸೊನ್ನೆ, ಸೊನ್ನೆ, ಸೊನ್ನೆ,
ಒಂದೊಂದೂ ದುಂಡಗೆ, ಬಿಂದಿಗೆಯ ಬಾಯಿಯಂತೆ.
ನಕ್ಕಿದ್ದೆ: ಬತ್ತಿದ ಹಳ್ಳಕ್ಕೆ ದಿನಾ ಯಾಕೆ ಹೋದಿರಿ,
ಮನೇಲೇ ಕೂತು ಗೀಟು ಎಳೆದಿದ್ದರೆ ಆಗ್ತಿರಲಿಲ್ವಾ?
ಅವರಿಗೆ ಸಿಟ್ಟು ಬಂದದ್ದು ನಾನು ಕಂಡಂತೆ ಅದೊಂದೇ ಸಲ.
"ಗೀಟು ಅಂದರೆ ನೋಡಲಿಲ್ಲ.
ಸೊನ್ನೆ ಅಂದರೆ ನೋಡಿದೆ, ನೀರಿರಲಿಲ್ಲ."

ಪುಸ್ತಕದ ಉದ್ದಕ್ಕೂ ಒಂದೇ ಒಂದು ಗೀಟು.
ಅಕ್ಟೋಬರ್ ಒಂಬತ್ತು. ಷರಾ ಕಲಂ ಖಾಲಿ.
ಅವರ ಹೆಂಡತಿ ಜುಲೇಖಾಬಿ ಟೀ ಸೋಸುತ್ತ ಹೇಳಿದರು:
ಅವತ್ತು ಹಳ್ಳ ಹೊಂಗೆಮರದ ಸೊಂಟಕ್ಕೆ ಬಂದಿತ್ತು,
ಅಷ್ಟು ನೀರು ಆಮೇಲೆ ಬಂದಿಲ್ಲ.
ಬಗ್ಗಿದಾಗ ಇವರ ಕನ್ನಡಕ ಬಿತ್ತು, ಹೋಯಿತು.
ಸಂಜೆವರೆಗೂ ದಡದ ಮೇಲೆ ನಿಂತಿದ್ದರು.
ನೀರು ಕಾಣುತ್ತಿತ್ತು, ಗೆರೆ ಕಾಣಲಿಲ್ಲ.
ಅಂದಾಜಿಗೆ ಬರೀರಿ ಅಂದೆ, ನನ್ನ ಮುಖ ನೋಡಿದರು.
ಇಂಜಿನಿಯರು ಬೈದರು. ಬೈಸಿಕೊಂಡು ಬಂದು
ಮುದ್ದೆ ಉಂಡು ಮಲಗಿದರು.

ಇವತ್ತು ಫೆಬ್ರವರಿ ಆರು.
ಪಟ್ಟಿಯ ಬುಡದ ಪಾಚಿ ಹಪ್ಪಳದಂತೆ ಎದ್ದಿದೆ.
ಲೆಕ್ಕಕ್ಕಿಲ್ಲದ ಕಾಯಿ ಬೇರಿನ ಕೊಕ್ಕೆಯಲ್ಲಿ
ಗಾಳಿಗೆ ನೇತಾಡುತ್ತಿದೆ, ಕೆಳಗೆ ಮರಳು.
ಕೈ ಇಳಿಸಿದೆ. ಮಣಿಕಟ್ಟು ಮುಳುಗಿದ ಮೇಲೆ ತಂಪು.
ಇದಕ್ಕೆ ಕಲಂ ಇಲ್ಲ.

ಸೊನ್ನೆ ಬರೆದೆ. ನನ್ನದು ಅಷ್ಟು ದುಂಡಗಿಲ್ಲ ಇನ್ನೂ.
ಷರಾದಲ್ಲಿ, ಚಿಕ್ಕಕ್ಷರದಲ್ಲಿ: ತೇವ.