ಡೋರ್ ಲಾಕ್

ಬಿರುನಾಣಿಯ ಆಚೆ, ಟಾರು ಮುಗಿದು ಮಣ್ಣು ಶುರುವಾಗುವಲ್ಲಿ
ನನ್ನ ಪಟ್ಟಿಯ ಕೊನೆಯ ಮನೆ.
ಖಾತೆ ಇನ್ನೂ ಬೊಳ್ಳಮ್ಮ ಎಂಬವರ ಹೆಸರಲ್ಲಿದೆ,
ಅವರು ತೀರಿಹೋಗಿ ಹನ್ನೆರಡು ವರ್ಷ.
ಒಳಗಿರುವುದು ಮಗ, ಚಿಟ್ಟಿಯಪ್ಪ.
ಒಳಗೆ ಎನ್ನುವುದೂ ನನ್ನ ಊಹೆ;
ನಾನು ಕಂಡದ್ದು ಮೀಟರನ್ನು.

ಮೀಟರಿನಷ್ಟು ಬಾಯಿಬಡುಕ ಈ ಕಡೆ ಇನ್ನೊಬ್ಬನಿಲ್ಲ.
ಕುಟ್ಟಪ್ಪ ಮೇಷ್ಟ್ರು ಗೀಸರ್ ಆರಿಸಲು ಮರೆಯತೊಡಗಿದ್ದು,
ಲೈನ್‌ಮನೆಯ ಹಸುಗೂಸು ಇಡೀ ರಾತ್ರಿ ಬಲ್ಬು ಉರಿಸುವುದು,
ಎಲ್ಲ ನನಗೇ ಮೊದಲು ಗೊತ್ತು.
ಚಿಟ್ಟಿಯಪ್ಪನವರದ್ದು ಸಾವಿರದ ನೂರ ನಲವತ್ತು ಯೂನಿಟ್,
ಹೀಗೆ ಹದಿನಾಲ್ಕು ತಿಂಗಳು.
ಪಲ್ಪರ್ ಇಲ್ಲ, ಮಿಲ್ಲಿಲ್ಲ, ಪಂಪಿಗೆ ಬೇರೆಯೇ ಮೀಟರು.
ಆಮೇಲೆ ಒಂದು ತಿಂಗಳು ಒಂಬತ್ತು.
ಒಂಬತ್ತರಲ್ಲಿ ಮನುಷ್ಯ ಒಂದು ದೀಪ ಹಚ್ಚಿಟ್ಟು
ನಿದ್ದೆ ಮಾಡಬಹುದು, ಅಷ್ಟೇ.

ಒಳಗೆ ಲೈಟು ಹಾಕಿ ಗಾಂಜಾ ಬೆಳೆಸ್ತಾನೇನ್ರೀ ಅಂದರು ಸೆಕ್ಷನ್ ಆಫೀಸಿನಲ್ಲಿ.
ಶ್ರೀಮಂಗಲದ ಮೊಬೈಲ್ ಅಂಗಡಿಯ ಶಮ್ನಾದ್ ನಕ್ಕ:
‘ಕಡಂಗ ಮಾಡಿದ್ದೇ ಅವರು, ಸುಕುಮಾರಣ್ಣ.’
ನನಗೆ ಗೊತ್ತಿದ್ದ ಕಡಂಗ ತೋಟದ ಅಂಚಿನದ್ದು,
ಯಾವ ಅರಸನ ಕಾಲದ ಅಗಳೋ, ಅರ್ಧ ಹೂತದ್ದು,
ಹಂದಿ ಬಿದ್ದರೆ ಮಾತ್ರ ನೆನಪಾಗುವಂಥದ್ದು.
ಅವನು ತೋರಿಸಿದ್ದು ಪರದೆಯಲ್ಲಿ. ಐದನೇ ಭಾಗವಂತೆ.
ಬಿಡುಗಡೆಯ ದಿನ ಜಪಾನಿನಲ್ಲಿ ರಜೆ ಹಾಕುತ್ತಾರಂತೆ,
ಬ್ರೆಜಿಲ್ಲಿನಲ್ಲೊಬ್ಬ ತೋಳಿಗೆ ಹಚ್ಚೆ ಹೊಯ್ಸಿಕೊಂಡನಂತೆ,
ಆಡುವವರು ನಾಲ್ಕು ಕೋಟಿ.
ಮಾಡಿದವರ ಮುಖ ಮಾತ್ರ ಯಾರೂ ಕಂಡಿಲ್ಲ.
ಒಂದು ಫೋಟೊ ಓಡಾಡುತ್ತಿದೆ; ಅದು
ಗೋಣಿಕೊಪ್ಪದ ಯಾವನೋ ಹಾಕಿ ಗೋಲ್‌ಕೀಪರನದ್ದು.

ಅಕ್ಕನ ಮಗ ಜಿಷ್ಣು ಆಡುವಾಗ ಪಕ್ಕ ಕೂತೆ.
ಮೂರನೇ ಕಣಿವೆ. ಹುತ್ತದ ಮರೆಗೆ ಬಿಲ್ಲುಗಾರರು, ಮಂಜು, ಯಾರದೋ ಕೂಗು.
ಆಗ ಮೂಲೆಯಿಂದ ಒಬ್ಬ ನಡೆದು ಬಂದ.
ಕಾಲರಿಗೆ ಹಿಂದಿನಿಂದ ಕೊಡೆ ನೇತುಹಾಕಿದವನು,
ಎಡಗಾಲು ಸ್ವಲ್ಪ ಎಳೆಯುವವನು.
ಯುದ್ಧದ ನಡುವಿನಿಂದಲೇ ಹಾದು
ಒಂದು ಗೋಡೆಯ ಮುಂದೆ ನಿಂತು, ಕತ್ತೆತ್ತಿ ಓದಿ,
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ
ಏನೋ ಬರೆದುಕೊಂಡು ಹೊರಟ.
‘ಇವನಿಗೆ ಬಾಣ ತಾಗಲ್ಲ ಮಾಮ. ಮಾತಾಡಿಸಿದ್ರೆ ನಿಲ್ಲಲ್ಲ.
ಆಟದ ತಿಂಗಳಿಗೊಮ್ಮೆ ಬರ್ತಾನೆ.
ಸಾವು ಅಂತಾರೆ ಕೆಲವರು. ದೇವರು ಅಂತಾನೂ ಅಂತಾರೆ.’

ಎಡಗಾಲು, ಲೈನ್‌ಮನ್ ಆಗಿದ್ದಾಗ ಕಂಬದಿಂದ ಬಿದ್ದದ್ದು.
ಪೆನ್ನು ಕಚ್ಚುವುದು, ಹೆಂಡತಿ ಬೈದು ಬೈದು ಸೋತದ್ದು.
ಜಿಷ್ಣುವಿಗೆ ಏನೂ ಹೇಳಲಿಲ್ಲ.
ನೀರು ಕುಡಿಯಬೇಕೆನಿಸಿತು,
ಎದ್ದು ಅವನ ಎದುರು ನಡೆಯಲು ನಾಚಿಕೆಯಾಗಿ
ಬಾಯಾರಿಕೊಂಡೇ ಕೂತೆ.

ಮುಂದಿನ ತಿಂಗಳು ಹೋದಾಗ ಕಾಫಿ ಹೂ ಬಿಟ್ಟಿತ್ತು,
ದಾರಿಯುದ್ದಕ್ಕೂ ಜೇನ್ನೊಣದ ಮೊರೆತ.
ಬಾಗಿಲು ಎಂದಿನಂತೆ. ಕಿಟಕಿಗಳು ಐದು.
ಯಾವುದರ ಹಿಂದೆ? ಕತ್ತು ಹೊರಳಿಸಲಿಲ್ಲ.
ಇಷ್ಟು ವರ್ಷ ಅವರು ನೋಡಿದ್ದು
ತಮ್ಮತ್ತ ನೋಡದೆ ಹೋಗುವವನನ್ನು;
ಈಗ ನೋಡಿಬಿಟ್ಟರೆ ಅವನು ಯಾರು, ನಾನು ಯಾರು.
ನಡಿಗೆಯೇ ಮರೆತಂತಾಗಿತ್ತು, ಯಾವ ಕಾಲು ಮೊದಲೆಂದು.

ಏಳುನೂರು ದಾಟಿತ್ತು. ಅಂದರೆ ಆರನೆಯದು.
ಈ ಇಡೀ ಭೂಮಿಯಲ್ಲಿ ಅದು ಗೊತ್ತಿರುವುದು ಇಬ್ಬರಿಗೆ.
ಯಂತ್ರದಲ್ಲಿ ಡೋರ್ ಲಾಕ್ ಒತ್ತಿದೆ; ಸರಾಸರಿ ಬಿಲ್ಲು ಬಂತು,
ನಲವತ್ತೆರಡು ಯೂನಿಟ್, ಯಾರೂ ಏನೂ ಕೇಳದಂಥ ಸಂಖ್ಯೆ.
ಮೀಟರು ಹೊರಗೋಡೆಯಲ್ಲೇ ಇದೆ. ಸಿಕ್ಕಿಬಿದ್ದರೆ ಸಸ್ಪೆಂಡು.

ಬಾಗಿಲ ಸಂದಿಗೆ ಚೀಟಿ ಸಿಕ್ಕಿಸುವಾಗ ಒಳಗಿನಿಂದ,
ಬಹಳ ದಿನ ಬಳಸದ ದನಿ:
‘ಎಚ್ಚಕ್ ಆಚಿ?’
ಎಷ್ಟಾಯಿತೆಂದು ಹೇಳಬಹುದಿತ್ತು.
ನಾನು, ಮಾತಾಡಿಸಿದರೆ ನಿಲ್ಲುವವನಲ್ಲ.
ಕೊಡೆ ಸರಿಮಾಡಿಕೊಂಡು ತಿರುಗಿದೆ.
ಗೇಟಿನವರೆಗಿನ ಇಳಿಜಾರಿನಲ್ಲಿ
ಎಡಗಾಲನ್ನು ಒಂದಿಷ್ಟು ಜಾಸ್ತಿಯೇ ಎಳೆದೆ.